ದಿಲ್ ಹೇಳಿದ್ದೋ, ಲೆಕ್ಕ ಹೇಳಿದ್ದೋ?

ಮೊದಲು ಒಂದು ಸಣ್ಣ ಲೆಕ್ಕ. ಒಂದು ನೋಟ್‌ಬುಕ್ ಮತ್ತು ಒಂದು ಪೆನ್ ಸೇರಿ 110 ರೂಪಾಯಿ. ನೋಟ್‌ಬುಕ್ಕಿನ ಬೆಲೆ ಪೆನ್ನಿಗಿಂತ 100 ರೂಪಾಯಿ ಹೆಚ್ಚು. ಪೆನ್ನಿನ ಬೆಲೆ ಎಷ್ಟು? ಮನಸ್ಸು ತಟ್ಟನೆ 10 ಎನ್ನುತ್ತದೆ. ಸರಿ ಉತ್ತರ 5. ಏಕೆಂದರೆ ನೋಟ್‌ಬುಕ್ 105, ಪೆನ್ 5.

ಇಂಥದೇ ಪ್ರಶ್ನೆ ಡೇನಿಯಲ್ ಕಾಹ್ನೆಮನ್ ಅವರ 2011ರ ಪುಸ್ತಕದಲ್ಲಿದೆ. ಅವರು ಮನಶ್ಶಾಸ್ತ್ರಜ್ಞರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ನಾವು ಎರಡು ರೀತಿ ಯೋಚಿಸುತ್ತೇವೆ ಎಂದು ಅವರು ವಿವರಿಸಿದರು. ಒಂದು ಬೇಗ ತೋಚುವುದು, ಇನ್ನೊಂದು ನಿಧಾನವಾಗಿ ಲೆಕ್ಕ ಹಾಕುವುದು.

ಹಾಗಾದರೆ ತೋಚಿದ್ದನ್ನು ನಂಬಲೇಬಾರದೇ? ಇದಕ್ಕೆ ಉತ್ತರ ನನಗೆ ನಮ್ಮ ಮನೆಯಲ್ಲೇ ಸಿಕ್ಕಿತು.

ಕೊಂಕಲ್‌ನಲ್ಲಿ ನಮ್ಮದು ಒಕ್ಕಲುತನದ ಮನೆ. ಒಂದು ವರ್ಷ 20 ಕ್ವಿಂಟಲ್ ಹತ್ತಿ ಬಂದಿತ್ತು. ಕ್ವಿಂಟಲ್‌ಗೆ 7,000 ರೂಪಾಯಿ ಕೇಳುತ್ತಿದ್ದರು. "ಎರಡು ತಿಂಗಳು ತಡೆಯೋಣ, ರೇಟು ಏರ್ತದೆ ಅಂತ ನನ್ನ ದಿಲ್ ಹೇಳ್ತದೆ" ಎಂದರು ಅಬ್ಬಾ. ದಾದಾ ಒಂದು ಹಿಡಿ ಹತ್ತಿ ಹಿಚುಕಿ ನೋಡಿ, "ಇದರಲ್ಲಿ ತೇವ ಅದೆ. ಇಟ್ಟರೆ ಇಪ್ಪತ್ತಕ್ಕೆ ಒಂದು ಕ್ವಿಂಟಲ್ ಇಳೀತದೆ" ಎಂದರು.

ಆ ದಿನ ಮಗ್ರಿಬ್ ನಮಾಜಿನ ನಂತರ ಮನೆಯವರೆಲ್ಲ ಮಶ್ವರಾಕ್ಕೆ ಕೂತರು. ನಾನು ನೋಟ್‌ಬುಕ್ ತೆಗೆದೆ. ಸಾಲ 60,000 ರೂಪಾಯಿ, ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಎರಡು ತಿಂಗಳಿಗೆ 2,400. ಒಂದು ಕ್ವಿಂಟಲ್ ಇಳಿದರೆ 7,000. ಒಟ್ಟು 9,400. ಉಳಿಯುವ 19 ಕ್ವಿಂಟಲ್ ಮೇಲೆ ಇದನ್ನು ಹಂಚಿದರೆ, ರೇಟು ಸುಮಾರು 495 ರೂಪಾಯಿ ಏರಿದರೆ ಮಾತ್ರ ನಮಗೆ ಸಮ. ಅದಕ್ಕಿಂತ ಹೆಚ್ಚು ಏರಿದರಷ್ಟೇ ಲಾಭ.

ಕೊನೆಗೆ ಅರ್ಧ ಮಾರಿ ಸಾಲ ತೀರಿಸಿದೆವು. ಅಬ್ಬಾ ಮಾತಿಗೆ ಅರ್ಧ ಇಟ್ಟುಕೊಂಡೆವು. ರೇಟು ಏರಿತು, ಆದರೆ 300 ಮಾತ್ರ. 10 ಕ್ವಿಂಟಲ್ ಒಣಗಿ ಒಂಬತ್ತೂವರೆ ಆಗಿತ್ತು. ಕೈಗೆ ಬಂದದ್ದು 69,350 ರೂಪಾಯಿ. ಮೊದಲೇ ಮಾರಿದ್ದರೆ 70,000 ಬರುತ್ತಿತ್ತು. ರೇಟು ಏರಿದ್ದು ಎಲ್ಲರಿಗೂ ಕಂಡಿತು. ತೂಕ ಇಳಿದದ್ದು ಕಂಡದ್ದು ದಾದಾಗೆ ಮಾತ್ರ.

ಅಬ್ಬಾ ಮತ್ತು ದಾದಾ ಇಬ್ಬರೂ ಅಂದಾಜಿನಿಂದಲೇ ಹೇಳಿದರು. ದಾದಾ ಮಾತು ನಿಜವಾಯಿತು, ಅಬ್ಬಾ ಮಾತು ಏಕೆ ಕೈಕೊಟ್ಟಿತು? 2009ರಲ್ಲಿ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಸೇರಿ ಬರೆದ ಲೇಖನದಲ್ಲಿ ಇದಕ್ಕೆ ಕಾರಣವಿದೆ. ಅಂದಾಜನ್ನು ನಂಬಲು ಎರಡು ಷರತ್ತು ಬೇಕು. ಆ ಕೆಲಸದಲ್ಲಿ ಒಂದು ನಿಯಮ ಇರಬೇಕು. ನಮ್ಮ ತಪ್ಪು ಒಪ್ಪು ನಮಗೆ ಮತ್ತೆ ಮತ್ತೆ ತಿಳಿಯುತ್ತಿರಬೇಕು. ಒದ್ದೆ ಹತ್ತಿ ಪ್ರತಿ ವರ್ಷವೂ ಒಣಗಿ ಹಗುರಾಗುತ್ತದೆ, ತಕ್ಕಡಿ ಪ್ರತಿ ಸಲ ಅದನ್ನು ತೋರಿಸುತ್ತದೆ. ದಾದಾ ಕೈ ಕಲಿತದ್ದು ಹೀಗೆ. ಆದರೆ ಮುಂದಿನ ರೇಟು ಮಳೆ, ಬೇಡಿಕೆ, ಹೊರದೇಶದ ಬೆಳೆ ಎಲ್ಲದರ ಮೇಲೆ ನಿಂತಿದೆ. ಅಲ್ಲಿ ದಿಲ್ ಹೇಳುವುದು ಬಹಳ ಸಲ ನಮ್ಮ ಆಸೆಯನ್ನೇ.

ಹಾಗೆಂದು ಲೆಕ್ಕವೊಂದೇ ಸಾಕೇ? ಅದೂ ಇಲ್ಲ. ದಾದಾ ಕೈ ತೇವವನ್ನು ಹೇಳದಿದ್ದರೆ ನನ್ನ ಲೆಕ್ಕದಲ್ಲಿ ಆ 7,000 ಬರುತ್ತಲೇ ಇರಲಿಲ್ಲ.

ಈಗ ನನ್ನ ಸರದಿ. ಪಿಯುಸಿ ನಂತರ ಬಿ.ಕಾಂ. ಓದಲೋ, ಸಿ.ಎ. ಕಡೆ ಹೋಗಲೋ? ನನ್ನ ದಿಲ್ ಸಿ.ಎ. ಎನ್ನುತ್ತಿದೆ. ಆದರೆ ಈ ವಿಷಯದಲ್ಲಿ ನನ್ನ ದಿಲ್‌ಗೆ ಒಂದು ದಿನದ ಅನುಭವವೂ ಇಲ್ಲ. ಅದಕ್ಕೇ ಫೀಸು, ವರ್ಷ, ಮನೆಯ ಪರಿಸ್ಥಿತಿ ಬರೆದಿಟ್ಟುಕೊಂಡಿದ್ದೇನೆ. ಆ ದಾರಿಯಲ್ಲಿ ನಡೆದವರನ್ನು ಕೇಳುತ್ತಿದ್ದೇನೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ. ನೀವೂ ನಿರ್ಧರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಮಾತಾಡುತ್ತಿರುವುದು ನನ್ನ ಅನುಭವವೋ, ನನ್ನ ಆಸೆಯೋ?