ಯಂತ್ರದ ಎಣಿಕೆ ತಪ್ಪುವುದೇಕೆ? ಮೈಕ್ರೋಕಂಟ್ರೋಲರ್ ಸಂಕೇತಗಳ ಪರಿಶೀಲನೆ

ಪ್ರೆಸ್ ಯಂತ್ರದಿಂದ ಹೊರಬೀಳುವ ಬಿಡಿಭಾಗಗಳನ್ನು ಎಣಿಸಲು ಅನೇಕ ಸಣ್ಣ ಘಟಕಗಳು ಕಡಿಮೆ ವೆಚ್ಚದ ಮೈಕ್ರೋಕಂಟ್ರೋಲರ್ ಬೋರ್ಡುಗಳನ್ನು ಬಳಸುತ್ತವೆ. ದಾಸ್ತಾನು ಪುಸ್ತಕಕ್ಕೂ ಪೀಸ್ ರೇಟ್ ಕೂಲಿಗೂ ಈ ಎಣಿಕೆಯೇ ಆಧಾರ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 35ನೆಯ ಪ್ರಕರಣದಂತೆ ನೋಂದಾಯಿತ ಉತ್ಪಾದಕನು ಉತ್ಪಾದನೆಯ ಸರಿಯಾದ ಲೆಕ್ಕವಿಡುವುದು ಕಡ್ಡಾಯ. ಎಣಿಕೆ ಕಡಿಮೆಯಾದರೆ ಕಾರ್ಮಿಕನಿಗೆ ಕೂಲಿ ನಷ್ಟ. ಹೆಚ್ಚಾದರೆ ಇಲ್ಲದ ಮಾಲಿಗೆ ಮಾಲೀಕನು ಉತ್ತರ ಹೇಳಬೇಕಾಗುತ್ತದೆ.

ಮೊದಲ ಕಾರಣ: ಪ್ರೋಗ್ರಾಂ ನೋಡದಿರುವುದು. ಸೆಕೆಂಡಿಗೆ ಸುಮಾರು 5 ಬಿಡಿಭಾಗಗಳು ಬಿದ್ದು, ಪ್ರತಿ ಬಾರಿ ಸೆನ್ಸರ್ 20 ಮಿಲಿಸೆಕೆಂಡು ಸಂಕೇತ ನೀಡುತ್ತದೆ ಎಂದಿಟ್ಟುಕೊಳ್ಳೋಣ. ಡಿಸ್‌ಪ್ಲೇ ಬರೆಯುವುದು, ಡಿಲೇ ಮುಂತಾದವುಗಳಿಂದಾಗಿ ಪ್ರೋಗ್ರಾಂ 100 ಮಿಲಿಸೆಕೆಂಡಿಗೊಮ್ಮೆ ಮಾತ್ರ ಪಿನ್ನನ್ನು ಓದಿದರೆ, ಸರಾಸರಿ 5 ಸಂಕೇತಗಳಲ್ಲಿ 1 ಮಾತ್ರ ದಕ್ಕುತ್ತದೆ. ಇದಕ್ಕೆ ಪರಿಹಾರ ಇಂಟರಪ್ಟ್. ಎಟಿಮೆಗಾ328ಪಿ ಚಿಪ್ ಉಳ್ಳ ಆರ್ಡುಯಿನೋ ಯುನೋದಲ್ಲಿ 2 ಮತ್ತು 3ನೆಯ ಪಿನ್‌ಗಳು ಇದಕ್ಕೆ ಮೀಸಲಾದ ಸೌಲಭ್ಯ ಹೊಂದಿವೆ. ಆದರೆ ಇಂಟರಪ್ಟ್‌ಗಳನ್ನು ತಡೆಹಿಡಿದಿರುವಾಗ ಒಂದೇ ಪಿನ್‌ಗೆ ಎರಡು ಸಂಕೇತಗಳು ಬಂದರೆ ಚಿಪ್ ಒಂದನ್ನಷ್ಟೇ ನೆನಪಿಡುತ್ತದೆ. ವೇಗ ಹೆಚ್ಚಿದ್ದಲ್ಲಿ 5ನೆಯ ಪಿನ್‌ಗೆ ಸೇರಿದ ಟೈಮರ್-1ಕ್ಕೆ ಎಣಿಕೆಯನ್ನು ವಹಿಸುವುದು ಲೇಸು. ಅದು 65,535 ಮುಟ್ಟಿದ ನಂತರ ಸೊನ್ನೆಗೆ ಮರಳುವುದರಿಂದ, ಲೆಕ್ಕಪುಸ್ತಕದ ಪುಟ ತಿರುವಿದಾಗ ಮೊತ್ತವನ್ನು ಮುಂದಕ್ಕೆ ತರುವಂತೆ, ಪ್ರತಿ ಸುತ್ತಿನ 65,536ನ್ನು ಪ್ರೋಗ್ರಾಂ ಕೂಡಿಸಿಕೊಳ್ಳಬೇಕು.

ಎರಡನೆಯ ಕಾರಣ: ವೈರಿಂಗ್ ದೋಷ. ಎಲ್ಲಿಗೂ ಸೇರದೆ ತೇಲುವ ಪಿನ್ ಸುತ್ತಲಿನ ಮೋಟಾರುಗಳ ಗದ್ದಲವನ್ನೇ ಸಂಕೇತವೆಂದು ಓದಬಹುದು. ಎನ್‌ಪಿಎನ್ ಸೆನ್ಸರ್‌ಗೆ ಪುಲ್-ಅಪ್ ರೆಸಿಸ್ಟರ್ ಅಗತ್ಯ. ಚಿಪ್‌ನ ಒಳಗಿನ ಪುಲ್-ಅಪ್ 20ರಿಂದ 50 ಕಿಲೋಓಮ್ ಇರುವುದರಿಂದ ಉದ್ದನೆಯ ತಂತಿಗೆ ಅದು ದುರ್ಬಲ. 24 ವೋಲ್ಟಿನ ಸಂಕೇತವನ್ನು ನೇರವಾಗಿ ಜೋಡಿಸದೆ ಆಪ್ಟೋಕಪ್ಲರ್ ಮೂಲಕವೇ ತರಬೇಕು.

ಮೂರನೆಯದು ಸ್ವಿಚ್ಚಿನ ಅದುರುವಿಕೆ. ಲಿಮಿಟ್ ಸ್ವಿಚ್ ಒಮ್ಮೆ ಒತ್ತಿದಾಗ ಕೆಲವು ಮಿಲಿಸೆಕೆಂಡುಗಳ ಕಾಲ ಹಲವು ಬಾರಿ ಕೂಡಿ ಬಿಡುತ್ತದೆ, ಎಣಿಕೆ ಉಬ್ಬುತ್ತದೆ. ಅದನ್ನು ತಡೆಯಲು ಇಡುವ ಕಾಯುವ ಅವಧಿಯು ಎರಡು ಬಿಡಿಭಾಗಗಳ ನಡುವಿನ ಅಂತರಕ್ಕಿಂತ ಹೆಚ್ಚಾದರೆ ನಿಜವಾದ ಸಂಕೇತಗಳೇ ಬಿಟ್ಟುಹೋಗುತ್ತವೆ.

ಪರಿಶೀಲನೆಯ ಕ್ರಮ ಹೀಗಿರಲಿ: ಸೆನ್ಸರ್‌ನ ದೀಪ ಪ್ರತಿ ಬಾರಿ ಮಿನುಗುತ್ತದೆಯೇ ಎಂದು ನೋಡುವುದು, ಆಸಿಲೋಸ್ಕೋಪಿನಿಂದ ಪಿನ್‌ನಲ್ಲಿಯೇ ಸಂಕೇತದ ಎತ್ತರ ಮತ್ತು ಅವಧಿಯನ್ನು ಅಳೆಯುವುದು, ಎಣಿಕೆಯನ್ನು ಬಿಟ್ಟು ಉಳಿದೆಲ್ಲವನ್ನೂ ತೆಗೆದ ಪ್ರೋಗ್ರಾಂ ನಡೆಸುವುದು. ಕೊನೆಗೆ ಕೈಯಿಂದ ಎಣಿಸಿದ 1,000 ಬಿಡಿಭಾಗಗಳೊಡನೆ ಬೋರ್ಡಿನ ಲೆಕ್ಕವನ್ನು ತಾಳೆ ನೋಡಬೇಕು. ಈ ತಾಳೆಯನ್ನು ದಿನಾಂಕ ಸಹಿತ ಬರೆದಿಟ್ಟು, ಯಂತ್ರದ ವೇಗ ಬದಲಾದಾಗಲೆಲ್ಲ ಮತ್ತೆ ಮಾಡುವುದು ಒಳ್ಳೆಯದು. ತಾಳೆಯಾಗದ ಎಣಿಕೆಯ ಮೇಲೆ ಕೂಲಿಯನ್ನಾಗಲಿ ದಾಸ್ತಾನನ್ನಾಗಲಿ ನಿರ್ಧರಿಸುವುದು ಯುಕ್ತವಲ್ಲ.