ಜೋಡಿಯಾಟದ ಸಾಧಕ ರೋಹನ್ ಬೋಪಣ್ಣ

ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ. ದ್ವಂದ್ವ ಸಮಾಸದಲ್ಲಾದರೋ ಕೂಡಿದ ಪದಗಳೆಲ್ಲದರ ಅರ್ಥವೂ ಪ್ರಧಾನವೇ. ‘ಗಿಡಮರ’ ಎಂದಾಗ ಗಿಡವು ಮರಕ್ಕೆ ವಿಶೇಷಣವಲ್ಲ, ಮರವು ಗಿಡಕ್ಕೆ ಅಧೀನವಲ್ಲ. ದ್ವಂದ್ವಯುದ್ಧವೆಂದರೆ ಇಬ್ಬರು ಇದಿರುಬದಿರಾಗಿ ಕಾದುವುದು. ಇಬ್ಬರು ಒಂದೇ ಪಕ್ಷದಲ್ಲಿ ನಿಂತು, ಇಬ್ಬರೂ ಪ್ರಧಾನರಾಗಿ ಆಡುವ ಟೆನಿಸ್ಸಿನ ಡಬಲ್ಸ್ ಆಟವಾದರೋ ಯುದ್ಧಕ್ಕಿಂತ ಸಮಾಸವನ್ನೇ ಹೆಚ್ಚು ಹೋಲುತ್ತದೆ. ಈ ಜೋಡಿಯಾಟವನ್ನೇ ವೃತ್ತಿಯಾಗಿ ಕೈಕೊಂಡು, ಅದರಲ್ಲಿ ಜಗತ್ತಿನ ಅಗ್ರಸ್ಥಾನವನ್ನು ಪಡೆದ ಕೊಡಗಿನ ಶ್ರೀ ರೋಹನ್ ಬೋಪಣ್ಣನವರ ಜೀವನಕ್ರಮವು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಮಾನವಾಗಿ ಮನನಯೋಗ್ಯವಾದುದು.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಟೆನಿಸ್ ಅಂಕಣದ ಉದ್ದ 78 ಅಡಿ. ಒಬ್ಬೊಬ್ಬರೇ ಆಡುವ ಸಿಂಗಲ್ಸ್‌ನಲ್ಲಿ ಅದರ ಅಗಲ 27 ಅಡಿ. ಜೋಡಿಯಾಟದಲ್ಲಿ ಎರಡು ಪಕ್ಕಗಳಿಗೂ ನಾಲ್ಕೂವರೆ ಅಡಿ ಸೇರಿ 36 ಅಡಿಯಾಗುತ್ತದೆ. ಆಟಗಾರರು ಇಮ್ಮಡಿಯಾದರೂ ನೆಲ ಇಮ್ಮಡಿಯಾಗುವುದಿಲ್ಲ. ಆದಕಾರಣ ಇಲ್ಲಿ ಓಟಕ್ಕಿಂತ ನಿಲುವು, ಬಲಕ್ಕಿಂತ ಸಮಯಪ್ರಜ್ಞೆ ಮೇಲು. ಒಬ್ಬನು ಸರ್ವ್ ಮಾಡುವಾಗ ಇನ್ನೊಬ್ಬನು ಬಲೆಯ ಬಳಿ ನಿಂತು, ಬೆನ್ನ ಹಿಂದೆ ಕೈಸನ್ನೆ ಮಾಡಿ ತಾನು ಯಾವ ಕಡೆಗೆ ಸರಿಯುವೆನೆಂದು ಮುಂಚಿತವಾಗಿ ತಿಳಿಸುವುದುಂಟು. ಆ ಸನ್ನೆಯನ್ನು ನಂಬಿ ಚೆಂಡನ್ನು ಹೊಡೆಯಬೇಕು. ನಂಬಿಕೆ ತಪ್ಪಿದರೆ ಅರ್ಧ ಅಂಕಣ ತೆರವಾಗುತ್ತದೆ.

ವೃತ್ತಿಯಾಗಿ ನೋಡಿದರೂ ಇದು ಸುಲಭವಲ್ಲ. ಬಹುಮಾನದ ಹಣ ಸಿಂಗಲ್ಸ್‌ಗಿಂತ ಬಹಳ ಕಡಿಮೆ. ಶ್ರೇಯಾಂಕವು ಪ್ರತಿಯೊಬ್ಬನಿಗೂ ಬೇರೆ ಬೇರೆ. ಆದರೆ ಸ್ಪರ್ಧೆಗಳಿಗೆ ಪ್ರವೇಶ ದೊರೆಯುವುದು ಸಾಮಾನ್ಯವಾಗಿ ಇಬ್ಬರ ಶ್ರೇಯಾಂಕಗಳನ್ನು ಕೂಡಿಸಿ. ಜತೆಗಾರನ ಆಯ್ಕೆ ಸ್ನೇಹದ ಮಾತು ಮಾತ್ರವಲ್ಲ, ಜೀವನೋಪಾಯದ ಮಾತೂ ಹೌದು.

1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಜನಿಸಿದ ಬೋಪಣ್ಣನವರು ಬೆಳೆದುದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಸರ್ವಿಗೆ ಬಲ ಬರಲೆಂದು ಸೌದೆ ಒಡೆದುದನ್ನೂ, ದಮ್ಮು ಹೆಚ್ಚಲೆಂದು ಕಾಫಿ ತೋಟಗಳ ನಡುವೆ ಓಡಿದುದನ್ನೂ ಅವರು ನಿವೃತ್ತಿಯ ಕಾಲದಲ್ಲಿ ಸ್ಮರಿಸಿದ್ದಾರೆ. 2002ರಲ್ಲಿ ಡೇವಿಸ್ ಕಪ್ ತಂಡಕ್ಕೆ ಬಂದರು, 2003ರಲ್ಲಿ ವೃತ್ತಿನಿರತರಾದರು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುನ್ನತ ಸ್ಥಾನ 213. ಅದು 2007ರ ಮಾತು. ಅಲ್ಲಿ ಮುಂದೆ ದಾರಿ ಕಾಣದಿದ್ದಾಗ ಜೋಡಿಯಾಟವನ್ನೇ ಮುಖ್ಯವಾಗಿ ಹಿಡಿದರು.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕದ ಓಪನ್ ಸ್ಪರ್ಧೆಯ ಅಂತಿಮ ಪಂದ್ಯವನ್ನು ತಲುಪಿ, ಬ್ರಯಾನ್ ಸಹೋದರರಿಗೆ ಎರಡು ಟೈಬ್ರೇಕರುಗಳಲ್ಲಿ ಸೋತರು. ಯುದ್ಧವನ್ನು ಬಿಟ್ಟು ಟೆನಿಸ್ ಆಡೋಣವೆಂಬುದು ಆ ಜೋಡಿಯ ಘೋಷಣೆಯಾಗಿತ್ತು. ಅದಾದ ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಭಾರತವು 0–2ರಿಂದ ಹಿಂದೆ ಬಿದ್ದು ಸಮಬಲಕ್ಕೆ ಬಂದಾಗ, ನಿರ್ಣಾಯಕವಾದ ಐದನೆಯ ಪಂದ್ಯದಲ್ಲಿ ರಿಕಾರ್ಡೋ ಮೆಲ್ಲೋ ಅವರನ್ನು ಸೋಲಿಸಿ ತಂಡವನ್ನು ಗೆಲ್ಲಿಸಿದವರು ಬೋಪಣ್ಣನವರೇ.

ಬಳಿಕ ಏರಿಳಿತಗಳು ಒಂದನ್ನೊಂದು ಹಿಂಬಾಲಿಸಿದುವು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಅವರೊಡನೆ ಕಂಚಿನ ಪದಕದ ಪಂದ್ಯದಲ್ಲಿ ಸೋತು ಬರಿಗೈಯಲ್ಲಿ ಮರಳಬೇಕಾಯಿತು. ಮರುವರ್ಷವೇ ಕೆನಡಾದ ಗೇಬ್ರಿಯೇಲಾ ಡಬ್ರೋವ್‌ಸ್ಕಿಯವರೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಕೈಗೂಡಿತು. ಪೇಸ್, ಭೂಪತಿ, ಸಾನಿಯಾ ಇವರ ನಂತರ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ನಾಲ್ಕನೆಯ ಭಾರತೀಯರು ಅವರು. 2018ರಲ್ಲಿ ದಿವಿಜ್ ಶರಣ್ ಅವರೊಡನೆ ಏಷ್ಯನ್ ಕ್ರೀಡಾಕೂಟದ ಸ್ವರ್ಣಪದಕವೂ ದೊರೆಯಿತು.

ಪುರುಷರ ಡಬಲ್ಸ್‌ನ ಗ್ರ್ಯಾಂಡ್ ಸ್ಲ್ಯಾಮ್ ಮಾತ್ರ ದೂರವೇ ಉಳಿದಿತ್ತು. ಮೊಣಕಾಲುಗಳ ಮೃದ್ವಸ್ಥಿ ಸವೆದು ನೋವು ನಿತ್ಯವಾಯಿತು. ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಆಟ ಸಾಕೆಂದು ಪತ್ನಿಗೆ ಸಂದೇಶ ಕಳುಹಿಸಿದ ದಿನವೂ ಬಂದಿತೆಂದು ಅವರೇ ಹೇಳಿದ್ದಾರೆ. ನಲವತ್ತು ತುಂಬಿದ ಆಟಗಾರನು ಆಗ ನಿಂತಿದ್ದರೂ ಯಾರೂ ದೂರುತ್ತಿರಲಿಲ್ಲ. ಆದರೆ ಅವರು ನಿಲ್ಲಲಿಲ್ಲ. ಅಯ್ಯಂಗಾರ್ ಪದ್ಧತಿಯ ಯೋಗವನ್ನು ಆಶ್ರಯಿಸಿ ಕಾಲುಗಳಿಗೆ ಬಲ ತಂದುಕೊಂಡರು. ಆ ಪದ್ಧತಿಯ ಪ್ರವರ್ತಕರಾದ ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದವರೆಂಬುದು ಇಲ್ಲಿ ಸ್ಮರಣೀಯ.

2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಜತೆಗಾರರಾದರು. ಆ ವರ್ಷ ಇಂಡಿಯನ್ ವೆಲ್ಸ್ ಪ್ರಶಸ್ತಿ ಬಂದಿತು. ಹದಿಮೂರು ವರ್ಷಗಳ ತರುವಾಯ ಅಮೆರಿಕದ ಓಪನ್ ಅಂತಿಮ ಪಂದ್ಯವೂ ಬಂದಿತು, ಸೋಲೂ ಜತೆಗೆ ಬಂದಿತು. ಕಡೆಗೆ 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಇಟಲಿಯ ಬೊಲೆಲ್ಲಿ–ವಾವಸ್ಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಎರಡು ದಿನಗಳಲ್ಲಿ ವಿಶ್ವದ ಪ್ರಥಮ ಶ್ರೇಯಾಂಕ ಅವರದಾಯಿತು. ಆಗ ಅವರ ವಯಸ್ಸು 43. ಅಷ್ಟು ಹಿರಿಯ ವಯಸ್ಸಿನಲ್ಲಿ ಆ ಸ್ಥಾನವನ್ನೇರಿದವರು ಬೇರೊಬ್ಬರಿರಲಿಲ್ಲ. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿಯೂ ಸಂದಿತು. 2025ರ ನವೆಂಬರ್ 1ರಂದು ವೃತ್ತಿಯಿಂದ ನಿವೃತ್ತಿ ಘೋಷಿಸುವಾಗ ಅವರ ಖಾತೆಯಲ್ಲಿ 26 ಎಟಿಪಿ ಡಬಲ್ಸ್ ಪ್ರಶಸ್ತಿಗಳಿದ್ದುವು.

ಈ ಚರಿತ್ರೆಯಿಂದ ಗ್ರಹಿಸಬೇಕಾದುದು ವಯಸ್ಸನ್ನು ಗೆದ್ದ ಅದ್ಭುತವನ್ನು ಮಾತ್ರವಲ್ಲ. ಶಾಲೆಗಳಲ್ಲಿ ಮೊದಲನೆಯವನಾಗುವುದನ್ನೇ ಕಲಿಸುತ್ತೇವೆ. ಹೆಗಲಿಗೆ ಹೆಗಲು ಕೊಟ್ಟು ನೊಗ ಹೊರುವುದನ್ನು ಕಲಿಸುವುದು ವಿರಳ. ತನಗೆ ಒಲಿಯದ ದಾರಿಯನ್ನು ಹಳಹಳಿಸದೆ ಬಿಟ್ಟು, ಒಲಿದ ದಾರಿಯಲ್ಲಿ ಎರಡು ದಶಕಗಳ ಕಾಲ ಬೇರೆ ಬೇರೆ ದೇಶಭಾಷೆಗಳ ಜತೆಗಾರರೊಡನೆ ಹೊಂದಿ ನಡೆದ ಈ ಸಾಧಕರನ್ನು, ಹಿಂದಿನ ಬೆಂಚಿನಲ್ಲಿ ತಡವಾಗಿ ಅರಳಲಿರುವ ಬಾಲಕರಿಗೆ ಪರಿಚಯಿಸುವುದು ಅಧ್ಯಾಪಕರ ಕರ್ತವ್ಯ. ಫಲವು ತಡವಾದರೆ ಮರವನ್ನು ಕಡಿಯಬಾರದೆಂಬುದು ತೋಟದ ನಾಡಿನವರಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ.