ಧೂಳಿನೂರಲ್ಲಿ ಕಾರಿಗೊಂದು ಹೊಸ ಏರ್ ಫಿಲ್ಟರ್

ಹೊಸಪೇಟೆ–ಸಂಡೂರು ಕಡೆ ಕಾರು ಇಟ್ಟುಕೊಂಡವರಿಗೆ ಧೂಳಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಿರು ಲಾರಿಯ ಬೆನ್ನಿಗೆ ಸ್ವಲ್ಪ ದೂರ ಓಡಿಸಿದರೆ ಸಾಕು, ಬಾನೆಟ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಇಂಥ ಊರಿನಲ್ಲಿ ನನ್ನ 2012ರ ಪೆಟ್ರೋಲ್ ಸ್ವಿಫ್ಟಿನ ಕಂಪನಿ ಏರ್ ಬಾಕ್ಸ್ ಬಿಚ್ಚಿ, ಹೊರಗಿನ ಇನ್‌ಟೇಕ್ ಕಿಟ್ ಹಾಕಿ, ಒಂದು ಮಳೆಗಾಲ, ಒಂದು ಬೇಸಿಗೆ ಓಡಿಸಿದೆ. ಪಿಕಪ್ ಹೆಚ್ಚುತ್ತದೆ, ಮೈಲೇಜೂ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳಿದವರಲ್ಲಿ ಅಳೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅಳೆದು ನೋಡಬೇಕು ಅನ್ನಿಸಿತು.

ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಹತ್ತಿರ. ಅದಕ್ಕೆ ಬೇಕಾಗುವ ಗಾಳಿ ಸುಮಾರು 11 ಕಿಲೋ, ಅಂದರೆ ಹತ್ತಿರಹತ್ತಿರ 9,000 ಲೀಟರ್. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು ನೂರು ಕಿಲೋಮೀಟರ್ ಓಡಿದರೆ 50,000 ಲೀಟರ್ ಗಾಳಿ ಎಳೆದುಕೊಂಡಿರುತ್ತದೆ. ನಮ್ಮ ರಸ್ತೆಗಳಲ್ಲಿ ಆ ಗಾಳಿಯ ಜೊತೆ ಏನೇನು ಬರುತ್ತದೆ ಅನ್ನುವುದೇ ಇಲ್ಲಿನ ನಿಜವಾದ ಪ್ರಶ್ನೆ.

ಕಿಟ್‌ನಲ್ಲಿ ಇದ್ದದ್ದು ಇಷ್ಟು: ಎಣ್ಣೆ ಹಾಕಿದ ಹತ್ತಿ ಬಟ್ಟೆಯ ಕೋನ್ ಫಿಲ್ಟರ್, ಒಂದು ಅಲ್ಯೂಮಿನಿಯಂ ಪೈಪು, ಸಿಲಿಕೋನ್ ಹೋಸ್, ಕ್ಲಿಪ್‌ಗಳು. ಹಾಕುವ ಕೆಲಸ ಕಷ್ಟದ್ದಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದು, ಹಳೇ ಬಾಕ್ಸಿನ ಬೋಲ್ಟ್ ಬಿಚ್ಚಿ, ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಹೊಸ ಪೈಪಿಗೆ ಕೂರಿಸಬೇಕು, ಇಂಜಿನ್‌ನಿಂದ ಬರುವ ಬ್ರೀದರ್ ಪೈಪನ್ನೂ ಸೇರಿಸಬೇಕು. ಸೆನ್ಸರ್ ತೆಗೆಯುವಾಗ ವೈರ್ ಹಿಡಿದು ಎಳೆಯಬಾರದು, ಲಾಕ್ ಒತ್ತಿ ಪ್ಲಗ್ ಹಿಡಿದೇ ತೆಗೆಯಬೇಕು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಕಿಟ್ ಹಾಕುವ ಮೊದಲೇ ಕಂಪನಿ ಫಿಲ್ಟರ್ ಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ನೋಡಿಟ್ಟುಕೊಂಡಿದ್ದೆ. ಅದಕ್ಕೆ ಮಿಷನ್ ಏನೂ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಒಂದು ಹಲಗೆಗೆ U ಆಕಾರದಲ್ಲಿ ಕಟ್ಟಿ, ಕುಂಕುಮ ಕದಡಿದ ನೀರು ತುಂಬಿದೆ. ಅದರ ಒಂದು ತುದಿಯನ್ನು ಫಿಲ್ಟರ್ ದಾಟಿದ ಮೇಲಿನ ಹೋಸಿಗೆ, ಬ್ರೀದರ್ ಪೈಪು ಕೂರುವ ಜಾಗಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತೆರೆದು ಬಿಟ್ಟೆ. ನೀರು ಇಂಜಿನ್ ಕಡೆ ಹೋಗದಷ್ಟು ಎತ್ತರಕ್ಕೆ ಪೈಪು ಇರಬೇಕು, ಇದು ಮರೆಯಬಾರದ ಮಾತು. ನನ್ನ ತಮ್ಮ ಪಕ್ಕದ ಸೀಟಿನಲ್ಲಿ ಹಲಗೆ ಹಿಡಿದು ಕೂತ. ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿಯಲ್ಲಿ ರಸ್ತೆ ಖಾಲಿ ಇದ್ದಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಇಂಜಿನ್ 6,000 ಸುತ್ತಿಗೆ ಬರುವಷ್ಟರಲ್ಲಿ ಎರಡು ಬದಿಯ ಕೆಂಪು ನೀರಿಗೆ ಅರ್ಧ ಗೇಣಿನ ಅಂತರ ಬಿತ್ತು.

ಅರ್ಧ ಗೇಣು ಅಂದರೆ ಹತ್ತು ಸೆಂಟಿಮೀಟರಿನ ಆಸುಪಾಸು. ವಾತಾವರಣದ ಪೂರ್ತಿ ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳಿದರೆ 10 ಮೀಟರಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಕಂಪನಿ ಫಿಲ್ಟರ್ ತಡೆಯುತ್ತಿದ್ದದ್ದು ನೂರಕ್ಕೆ ಒಂದು ಪಾಲು, ಅದೂ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ. 1,197 ಸಿಸಿಯ ಈ ಇಂಜಿನ್ನಿನ ಶಕ್ತಿ 87 ಪಿಎಸ್. ಫಿಲ್ಟರನ್ನೇ ಕಿತ್ತು ಬಿಸಾಕಿದರೂ ಸಿಗುವುದು ಒಂದು ಕುದುರೆಯೂ ಅಲ್ಲ! ಕೋನ್ ಹಾಕಿದ ಮೇಲೆ ಮತ್ತೆ ಅಳೆದಾಗ ನೀರಿನ ಅಂತರ ಎರಡು ಬೆರಳಷ್ಟು ಕಡಿಮೆಯಾಗಿತ್ತು. ಲಾಭ ನಿಜ, ಆದರೆ ಕಾಲಿಗೆ ಗೊತ್ತಾಗುವಷ್ಟು ಅಲ್ಲ. ಗೊತ್ತಾಗುವುದು ಶಬ್ದ. ಕಂಪನಿ ಬಾಕ್ಸು ಅಡಗಿಸಿಡುತ್ತಿದ್ದ ಇಂಜಿನ್ನಿನ ಎಳೆತದ ಸದ್ದು ಈಗ ಎದುರಿಗೇ ಕೇಳುತ್ತದೆ. ಕೇಳಲು ಬಹಳ ಚೆನ್ನಾಗಿದೆ, ಅದನ್ನು ನಾನು ಸುಳ್ಳು ಅನ್ನುವುದಿಲ್ಲ.

ಮೈಲೇಜಿನ ಮಾತಿಗಂತೂ ಆಧಾರವೇ ಇಲ್ಲ. ದಿನನಿತ್ಯ ಓಡಿಸುವಾಗ ಥ್ರಾಟಲ್ ಅರೆಬರೆ ಮುಚ್ಚಿಯೇ ಇರುತ್ತದೆ. ಗಾಳಿಯನ್ನು ತಡೆಯುವುದು ಅದೇ. ಅದರ ಮುಂದೆ ಫಿಲ್ಟರಿನದು ಲೆಕ್ಕಕ್ಕಿಲ್ಲ. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತ್ತು: ಈಗಿನ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜು ಬೀಳುವುದಿಲ್ಲ, ವೇಗ ಹಿಡಿಯುವುದು ಮಾತ್ರ ನಿಧಾನವಾಗುತ್ತದೆ.

ಬಿಸಿ ಬೇರೆ ಇದೆ. ಕಂಪನಿ ಬಾಕ್ಸಿನ ಮೂತಿ ಮುಂದಿನ ಗ್ರಿಲ್ ಹತ್ತಿರದಿಂದ ಹೊರಗಿನ ಗಾಳಿ ಎಳೆಯುತ್ತದೆ. ಕೋನ್ ಕೂರುವುದು ಬಾನೆಟ್ ಒಳಗೆ, ಇಂಜಿನ್ ಪಕ್ಕ. ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ನೋಡಿದರೆ, ಏಪ್ರಿಲ್ ಮಧ್ಯಾಹ್ನ ಟೋಲ್ ಸಾಲಿನಲ್ಲಿ ನಿಂತಾಗ ಒಳಗೆ ಹೋಗುವ ಗಾಳಿಯ ಬಿಸಿ 60 ಡಿಗ್ರಿ ದಾಟಿತ್ತು. 35 ಡಿಗ್ರಿಯ ಗಾಳಿ 65ಕ್ಕೆ ಕಾದರೆ ಅದರ ಸಾಂದ್ರತೆ ಶೇ. 9ರಷ್ಟು ಇಳಿಯುತ್ತದೆ. ಎರಡು ಬೆರಳು ನೀರಿನಲ್ಲಿ ಗಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಲ್ಲೇ ಹೋಯಿತು. ಓಡತೊಡಗಿದ ಮೇಲೆ ಬಿಸಿ ಇಳಿಯುತ್ತದೆ ನಿಜ, ಆದರೆ ನಿಂತು ಹೊರಡುವಾಗಲೇ ಅಲ್ಲವೇ ನಮಗೆ ಪಿಕಪ್ ಬೇಕಾಗುವುದು?

ಇಷ್ಟೆಲ್ಲ ಶಕ್ತಿಯ ಲೆಕ್ಕವಾಯಿತು. ನನ್ನ ಕಣ್ಣು ತೆರೆಸಿದ್ದು ಮಾತ್ರ ಸಂಡೂರಿನ ಗಣಿಯೊಂದರಲ್ಲಿ ಡಂಪರ್‌ಗಳನ್ನು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರು. ಹೊಳೆಯುವ ಪೈಪು ತೋರಿಸಿದರೆ ಅದರ ಕಡೆ ತಿರುಗಿಯೂ ನೋಡಲಿಲ್ಲ. “ತಮ್ಮಾ, ಫಿಲ್ಟರ್ ಆಮೇಲೆ ನೋಡೋಣ. ಮೊದ್ಲು ಪೈಪಿನ ಒಳಗ ಬಿಳೀ ಬಟ್ಟಿ ಆಡ್ಸು” ಅಂದರು. ಥ್ರಾಟಲ್ ಕಡೆಯ ಹೋಸ್ ಬಿಚ್ಚಿ, ಕರ್ಚೀಫನ್ನು ಬೆರಳಿಗೆ ಸುತ್ತಿ ಒಳಗೆ ಒರೆಸಿದೆ. ಸೋಸಿದ ಗಾಳಿ ಮಾತ್ರ ಹೋಗಬೇಕಾದ ಆ ಜಾಗದಿಂದ ಬಟ್ಟೆ ಕೆಂಪಗೆ ಬಂತು. ಬೆರಳುಗಳ ನಡುವೆ ಉಜ್ಜಿದರೆ ನುಣ್ಣಗಿತ್ತು, ಉಗುರಿನ ಮೇಲೆ ಎಳೆದರೆ ಗರಗರ ಅನ್ನುತ್ತಿತ್ತು.

ನಮ್ಮ ಸೀಮೆಯ ಕೆಂಪು ಧೂಳು ಬರೀ ಮಣ್ಣಲ್ಲ. ಹೆಮಟೈಟ್ ಅದಿರಿನ ಜೊತೆ ಕ್ವಾರ್ಟ್ಜ್ ಬೆರೆತ ಕಲ್ಲು ಇಲ್ಲಿನ ಗುಡ್ಡಗಳ ತುಂಬ ಇದೆ. ಕ್ವಾರ್ಟ್ಜಿನ ಗಡಸುತನ ಮೋಸ್ ಅಳತೆಯಲ್ಲಿ 7, ಗಾಜನ್ನು ಗೀರುವಷ್ಟು. ಅಂಥ ಕಣ ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಸಿಕ್ಕಿದರೆ ತಿರುಗಿದಷ್ಟೂ ಸವೆಸುತ್ತದೆ. ಗಣಿಯವರಿಗೆ ಇದು ಬಹಳ ಹಿಂದಿನಿಂದ ಗೊತ್ತು. ಡಂಪರಿನಲ್ಲಿ ಗಾಳಿಯನ್ನು ಮೊದಲು ಸುಳಿಯಾಗಿ ತಿರುಗಿಸಿ ದಪ್ಪ ಧೂಳನ್ನು ಬೀಳಿಸುತ್ತಾರೆ, ಆಮೇಲೆ ಹೊರಗಿನದೊಂದು, ಅದರ ಒಳಗೆ ಸುರಕ್ಷತೆಗೆಂದು ಇನ್ನೊಂದು, ಹೀಗೆ ಎರಡು ಫಿಲ್ಟರ್. ಇಂಜಿನ್ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸುತ್ತಾರೆ. ಅದರಲ್ಲಿ ಸಿಲಿಕಾನ್ ಏರಿದರೆ ಎಲ್ಲೋ ಧೂಳು ನುಗ್ಗುತ್ತಿದೆ ಎಂದೇ ಲೆಕ್ಕ.

ನನ್ನ ಕಾರಿನಲ್ಲಿ ಧೂಳು ನುಗ್ಗುತ್ತಿದ್ದದ್ದು ಮುಖ್ಯವಾಗಿ ಜೋಡಣೆಯಲ್ಲಿ. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗಾಡುತ್ತಲೇ ಇರುತ್ತದೆ, ಪೈಪನ್ನು ಬಿಗಿದಿರುವುದು ಕಾರಿನ ಬಾಡಿಯ ಮೇಲೆ. ಕಂಪನಿಯವರು ನಡುವೆ ಮಡಿಕೆ ಮಡಿಕೆಯ ರಬ್ಬರ್ ಹೋಸ್ ಕೊಟ್ಟಿರುವುದು ಈ ಅಲುಗಾಟ ತಡೆದುಕೊಳ್ಳಲಿ ಅಂತ. ಕಿಟ್‌ನ ನೇರ ಹೋಸು ಕ್ಲಿಪ್‌ನ ಅಡಿಯಲ್ಲೇ ಮೆಲ್ಲಗೆ ಜರುಗಿತ್ತು. ಉದ್ದದ ಹೋಸ್ ಹಾಕಿ ಕ್ಲಿಪ್ ಬದಲಿಸಿದ ಮೇಲೆ ಕರ್ಚೀಫಿನ ಕೆಂಪು ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಂಪನಿಯ ಕಾಗದದ ಫಿಲ್ಟರಿಗೆ ವಾಪಸ್ ಬಂದಾಗಲೇ ಬಟ್ಟೆ ಬಿಳಿಯಾಗಿ ಬಂದದ್ದು.

ಹತ್ತಿ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು, ಅದು ದೊಡ್ಡ ಅನುಕೂಲವೇ. ಆದರೆ ತೊಳೆಯುವುದಕ್ಕೆ ತಾಳ್ಮೆ ಬೇಕು. ಒಳಗಿನಿಂದ ಹೊರಕ್ಕೆ ಸಣ್ಣ ನೀರು ಬಿಡಬೇಕು, ಕಂಪ್ರೆಸರ್ ಗಾಳಿ ಹೊಡೆದರೆ ಬಟ್ಟೆಯ ಎಳೆ ಬಿಡುತ್ತದೆ. ನೆರಳಿನಲ್ಲೇ ಒಣಗಿಸಬೇಕು. ಎಣ್ಣೆ ಕಡಿಮೆಯಾದರೆ ಧೂಳು ಸೋಸುವುದಿಲ್ಲ, ಜಾಸ್ತಿಯಾದರೆ ಗಾಳಿ ಅಳೆಯುವ ತಂತಿ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಮೇಲೆ ಕೂತು ಲೆಕ್ಕ ಕೆಡಿಸುತ್ತದೆ. ಈ ಕೆಲಸವನ್ನು ಗ್ಯಾರೇಜ್ ಹುಡುಗರ ಕೈಗೆ ಬಿಡಬೇಡಿ.

ಕರಾವಳಿಯವರಿಗೆ, ಬೆಂಗಳೂರಿನವರಿಗೆ ಇನ್ನೊಂದು ಮಾತು. ತಣ್ಣನೆ ಗಾಳಿ ಸಿಗಲಿ ಅಂತ ಫಿಲ್ಟರನ್ನು ಬಂಪರ್ ಹಿಂದೆ ಕೆಳಗೆ ಇಳಿಸುವ ಕಿಟ್‌ಗಳಿವೆ. ಮಳೆನೀರು ನಿಂತ ಅಂಡರ್‌ಪಾಸಿನಲ್ಲಿ ಅದು ನೀರು ಎಳೆದರೆ ಇಂಜಿನ್ ಮುಗಿಯಿತು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ನನ್ನ ಇಂಜಿನ್ನಿನಂಥದ್ದರಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 30 ಮಿಲಿಲೀಟರಿನ ಆಸುಪಾಸು. ಅದಕ್ಕಿಂತ ಹೆಚ್ಚು ನೀರು ಸೇರಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು.

ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರಿಗೆ ಆ ಕೋನ್ ಸರಿ. ಅಲ್ಲಿ ಅರ್ಧ ಕುದುರೆಗೂ ಬೆಲೆಯಿದೆ, ಅಲ್ಲಿನವರು ಇಂಜಿನ್ ಬಿಚ್ಚಿ ನೋಡುತ್ತಲೇ ಇರುತ್ತಾರೆ. ನನ್ನ ಸ್ವಿಫ್ಟಿಗೆ ಈಗ ಕಂಪನಿ ಬಾಕ್ಸೇ ಇದೆ, ಒಳಗೆ ಕಾಗದದ ಫಿಲ್ಟರ್. ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತೇನೆ. ಬದಲಿಸುವಾಗ ಪಕ್ಕದಲ್ಲೇ ನಿಂತು, ರಬ್ಬರ್ ಅಂಚು ಸುತ್ತಲೂ ತೋಡಿನೊಳಗೆ ಕೂತಿದೆಯೇ, ಹಿಂದಿನ ಕ್ಲಿಪ್ ಬಿದ್ದಿದೆಯೇ ಅಂತ ಕೈಯಾಡಿಸಿ ನೋಡುತ್ತೇನೆ. ಆ ಹಿಂದಿನ ಕ್ಲಿಪ್ ಕಣ್ಣಿಗೆ ಕಾಣುವುದಿಲ್ಲ, ಅವಸರದಲ್ಲಿ ಅದನ್ನು ಹಾಗೇ ಬಿಟ್ಟುಬಿಡುವವರು ಬಹಳ ಮಂದಿ.